2025ರ ಋತುವಿಗೆ ಮುನ್ನ ಜೈಂಟ್ಸ್ ಪಿಚರ್‌ಗಳು: ವೆಬ್ ನಂತರ ಯಾರನ್ನು ನೆಚ್ಚಬಹುದು?

ಪ್ರಶ್ನೆ: ಕಿಂಗ್‌ಸ್ಟ್ರೀಟ್ ಪ್ರಯಾಣಿಕ

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡ 2025ರ ಋತುವಿನ ಮೊದಲ ಪಂದ್ಯವನ್ನು ಮಾರ್ಚ್ 27ರಂದು ಸಿನ್ಸಿನಾಟಿಯಲ್ಲಿ ಆಡಲಿದೆ. ಕಳೆದ ವರ್ಷ 80 ಪಂದ್ಯ ಗೆದ್ದು 82 ಸೋತ ತಂಡ ಇದು. ಆ ಋತು ಮುಗಿಯುತ್ತಿದ್ದಂತೆ ಫರ್ಹಾನ್ ಝೈದಿಯವರನ್ನು ಕೈಬಿಟ್ಟು, 2010, 2012 ಮತ್ತು 2014ರಲ್ಲಿ ಪ್ರಶಸ್ತಿ ಗೆದ್ದ ತಂಡಗಳ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಆಗಿದ್ದ ಬಸ್ಟರ್ ಪೋಸಿಯವರಿಗೆ ತಂಡ ಕಟ್ಟುವ ಹೊಣೆಯನ್ನು ಒಪ್ಪಿಸಲಾಯಿತು. ಅವರು ದೊಡ್ಡ ಹಣವನ್ನು ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ವಿಲ್ಲಿ ಅಡಾಮಿಸ್ ಮೇಲೆ ಹೂಡಿದರು: ಏಳು ವರ್ಷಕ್ಕೆ 18.2 ಕೋಟಿ ಡಾಲರ್. ಸರಿಯಾಗಿ ಅಷ್ಟೇ ಮೊತ್ತವನ್ನು ಐದು ವರ್ಷಕ್ಕೆ ಕೊಟ್ಟು ನಮ್ಮ ಬ್ಲೇಕ್ ಸ್ನೆಲ್ ಅವರನ್ನು ಡಾಡ್ಜರ್ಸ್ ಕರೆದೊಯ್ದರು. ಕಾರ್ಬಿನ್ ಬರ್ನ್ಸ್ ಅರಿಝೋನಾ ಸೇರಿದರು. ನಮ್ಮ ಪಿಚಿಂಗ್ ಬಳಗಕ್ಕೆ, ಎಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್‌ಗಳ ಗುಂಪಿಗೆ, ಬಂದ ಹೊಸ ದೊಡ್ಡ ಹೆಸರೆಂದರೆ ಫೆಬ್ರವರಿಯಲ್ಲಿ 42 ತುಂಬಿದ ಜಸ್ಟಿನ್ ವರ್ಲ್ಯಾಂಡರ್ ಒಬ್ಬರೇ.

ನಮ್ಮ ಮುಖ್ಯ ಪಿಚರ್ ಲೋಗನ್ ವೆಬ್ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದವರ ವಿಷಯದಲ್ಲಿ ಮಾತ್ರ ಯಾವ ಅಂಕಿಯನ್ನು ನಂಬಬೇಕೆಂದೇ ತಿಳಿಯುತ್ತಿಲ್ಲ. ವರ್ಲ್ಯಾಂಡರ್ ಕಳೆದ ವರ್ಷ ಹ್ಯೂಸ್ಟನ್‌ನಲ್ಲಿ 5.48 ಇಆರ್‌ಎ (ಫೀಲ್ಡರ್‌ಗಳ ತಪ್ಪಿಲ್ಲದೆ ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಡುವ ರನ್‌ಗಳ ಸರಾಸರಿ, ಕಡಿಮೆಯಿದ್ದಷ್ಟೂ ಒಳ್ಳೆಯದು) ಹೊಂದಿದ್ದರು. ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಮರಳಿದ ರಾಬಿ ರೇ ಏಳೇ ಪಂದ್ಯ ಆಡಿದರು. ಜೋರ್ಡನ್ ಹಿಕ್ಸ್ ಅರ್ಧ ವರ್ಷ ಚೆನ್ನಾಗಿ ಎಸೆದು ಸುಸ್ತಾದರು. ಸರದಿಯಲ್ಲಿ ಪಂದ್ಯ ಆರಂಭಿಸುವ ಐವರಲ್ಲಿ ಐದನೇ ಸ್ಥಾನಕ್ಕೆ ಹೇಡನ್ ಬರ್ಡ್‌ಸಾಂಗ್, ಲ್ಯಾಂಡನ್ ರೂಪ್ ಮತ್ತು ಕೈಲ್ ಹ್ಯಾರಿಸನ್ ನಡುವೆ ಪೈಪೋಟಿ ನಡೆದಿದೆ. ಋತು ಆರಂಭವಾಗುವ ಮೊದಲೇ ಒಂದು ಪಿಚಿಂಗ್ ಬಳಗವನ್ನು ತೂಗಿ ನೋಡುವಾಗ ನೀವು ಯಾವುದನ್ನು ಮೊದಲು ನೋಡುತ್ತೀರಿ? ಕಳೆದ ವರ್ಷದ ಇಆರ್‌ಎಯನ್ನೋ, ಈಗ ಅರಿಝೋನಾದಲ್ಲಿ ನಡೆಯುತ್ತಿರುವ ಸ್ಪ್ರಿಂಗ್ (ಋತುಪೂರ್ವ ಅಭ್ಯಾಸ) ಪಂದ್ಯಗಳ ಫಲಿತಾಂಶವನ್ನೋ, ಇಲ್ಲ ಬೇರೇನನ್ನಾದರೂ?

ಉತ್ತರ: ಮೂರನೇ ಬೇಸ್

ನಾನು ಮೊದಲು ನೋಡುವುದು ಇನ್ನಿಂಗ್ಸ್ ಲೆಕ್ಕವನ್ನು (ಎದುರಾಳಿಯ ಮೂವರನ್ನು ಔಟ್ ಮಾಡಿದರೆ ಪಿಚರ್‌ಗೆ ಒಂದು ಇನ್ನಿಂಗ್ಸ್). ಇಆರ್‌ಎ ಆಮೇಲಿನ ಮಾತು. 162 ಪಂದ್ಯಗಳ ಋತುವಿನಲ್ಲಿ ಒಂದು ತಂಡ ಹೆಚ್ಚುಕಡಿಮೆ 1,450 ಇನ್ನಿಂಗ್ಸ್ ಪಿಚ್ ಮಾಡಲೇಬೇಕು. ಆ ಕೆಲಸ ಯಾರ ಕೈಗಾದರೂ ಬಿದ್ದೇ ಬೀಳುತ್ತದೆ. ಸ್ಟಾರ್ಟರ್, ಎಂದರೆ ಪಂದ್ಯ ಆರಂಭಿಸುವ ಪಿಚರ್, ಪ್ರತಿ ಪಂದ್ಯದಲ್ಲೂ ಸರಾಸರಿ ಐದು ಇನ್ನಿಂಗ್ಸ್‌ಗಿಂತ ತುಸು ಹೆಚ್ಚು ಎಸೆಯುತ್ತಾರೆಂದು ಇಟ್ಟುಕೊಂಡರೂ ಸ್ಟಾರ್ಟರ್‌ಗಳ ಪಾಲಿಗೆ ಸುಮಾರು 850 ಇನ್ನಿಂಗ್ಸ್ ಬರುತ್ತವೆ. ಮಾರ್ಚ್‌ನಲ್ಲಿ ಎಲ್ಲರೂ ಐದು ಹೆಸರುಗಳನ್ನು ಬರೆದುಕೊಂಡು ಚರ್ಚೆ ಮಾಡುತ್ತಾರೆ. ಆದರೆ ಆ ಐದು ಹೆಸರುಗಳೇ 850 ಇನ್ನಿಂಗ್ಸ್ ಎಸೆಯುವುದು ಇತ್ತೀಚಿನ ವರ್ಷಗಳಲ್ಲಿ ಬಹಳ ಅಪರೂಪ.

ಕಳೆದ ಮಾರ್ಚ್‌ನಲ್ಲಿ ನಾವೆಲ್ಲ ಏನು ಬರೆದುಕೊಂಡಿದ್ದೆವು ಎಂಬುದನ್ನು ನೆನಪಿಸಿಕೊಳ್ಳಿ. ವೆಬ್, ಸ್ನೆಲ್, ಹ್ಯಾರಿಸನ್, ಹಿಕ್ಸ್ ಮತ್ತು ಕೀಟನ್ ವಿನ್ ಋತುವನ್ನು ಆರಂಭಿಸುತ್ತಾರೆ, ಬೇಸಿಗೆಯ ಹೊತ್ತಿಗೆ ಅಲೆಕ್ಸ್ ಕಾಬ್ ಮತ್ತು ರಾಬಿ ರೇ ಗುಣಮುಖರಾಗಿ ಬಂದು ಸೇರಿಕೊಳ್ಳುತ್ತಾರೆ, ಆಗ ಲೀಗಿನಲ್ಲೇ ಬಲವಾದ ಬಳಗ ನಮ್ಮದಾಗುತ್ತದೆ ಎಂಬುದು ಎಲ್ಲರ ಎಣಿಕೆಯಾಗಿತ್ತು. ಕಾಬ್ 2024ರಲ್ಲಿ ಜೈಂಟ್ಸ್ ಪರವಾಗಿ ಒಂದು ಚೆಂಡನ್ನೂ ಎಸೆಯದೆ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದರು. ವಿನ್ ಗಾಯಗೊಂಡರು. ಮಾರ್ಚ್ ಮಧ್ಯದವರೆಗೂ ಒಪ್ಪಂದವಿಲ್ಲದೆ ಉಳಿದಿದ್ದ ಸ್ನೆಲ್ ತಯಾರಿಯೇ ಇಲ್ಲದೆ ಕಣಕ್ಕಿಳಿದು, ಮೊದಲ ಆರು ಪಂದ್ಯಗಳಲ್ಲಿ ಒಂಬತ್ತಕ್ಕೂ ಮೀರಿದ ಇಆರ್‌ಎ ಹೊತ್ತು, ನಡುವೆ ಎರಡು ಸಲ ಗಾಯಾಳುಗಳ ಪಟ್ಟಿ ಸೇರಿ, ಬಳಿಕ ಯಾರೂ ಮುಟ್ಟಲಾಗದಂತೆ ಎಸೆದು ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಸಾಧಿಸಿದರು. ಅಷ್ಟಾಗಿಯೂ ಇಡೀ ಋತುವಿಗೆ ಅವರ ಕೊಡುಗೆ 104 ಇನ್ನಿಂಗ್ಸ್. ವೆಬ್ ಅವರನ್ನು ಬಿಟ್ಟರೆ ಕಳೆದ ವರ್ಷ ನಮ್ಮಲ್ಲಿ ಒಬ್ಬ ಪಿಚರ್ ಕೂಡ 125 ಇನ್ನಿಂಗ್ಸ್ ಮುಟ್ಟಲಿಲ್ಲ. ಆ 80 ಗೆಲುವುಗಳ ಋತುವನ್ನು ಅರ್ಥ ಮಾಡಿಕೊಳ್ಳಲು ಇದೊಂದು ಸಂಗತಿ ಸಾಕೆಂದು ನನಗನಿಸುತ್ತದೆ.

ಈಗ ಈ ವರ್ಷದ ಲೆಕ್ಕ ಹಾಕೋಣ. ವೆಬ್ 2023ರಲ್ಲಿ 216 ಇನ್ನಿಂಗ್ಸ್, 2024ರಲ್ಲಿ 204ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದು ಎರಡೂ ವರ್ಷ ನ್ಯಾಷನಲ್ ಲೀಗಿನಲ್ಲಿ ಮೊದಲಿಗರಾದವರು. ಅವರಿಗೆ 200 ಎಂದು ಬರೆಯಲು ಕೈ ನಡುಗುವುದಿಲ್ಲ. ರೇ 2021ರಲ್ಲಿ 193 ಮತ್ತು 2022ರಲ್ಲಿ 189 ಇನ್ನಿಂಗ್ಸ್ ಎಸೆದಿದ್ದರು, ಆದರೆ ಆ ನಂತರದ ಎರಡು ವರ್ಷಗಳನ್ನು ಕೂಡಿಸಿದರೂ 35 ದಾಟುವುದಿಲ್ಲ. ಅವರಿಗೆ ಉದಾರವಾಗಿ 150 ಕೊಡೋಣ. ವರ್ಲ್ಯಾಂಡರ್ ಅವರ ಇನ್ನಿಂಗ್ಸ್ 175, 162, 90 ಎಂದು ಮೂರು ವರ್ಷಗಳಿಂದ ಇಳಿಯುತ್ತ ಬಂದಿವೆ, ಅವರಿಗೆ 130. ಹಿಕ್ಸ್‌ಗೆ 110, ಐದನೆಯವರಿಗೆ 110. ಒಟ್ಟು 700. ಏನೂ ಕೆಡದೆ ಎಲ್ಲವೂ ನೆಟ್ಟಗೆ ನಡೆದರೂ 150 ಇನ್ನಿಂಗ್ಸ್ ಖಾಲಿ ಬಿದ್ದಿರುತ್ತವೆ. ಆದ್ದರಿಂದ ಐದನೇ ಸ್ಥಾನ ಯಾರಿಗೆ ಎಂಬ ಪ್ರಶ್ನೆಗಿಂತ, ಆರನೆಯ, ಏಳನೆಯ ಮತ್ತು ಎಂಟನೆಯ ಪಿಚರ್ ಯಾರು ಎಂಬ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಈ ವಿಷಯದಲ್ಲಿ ಜೈಂಟ್ಸ್ ಕಳೆದ ವರ್ಷಕ್ಕಿಂತ ಉತ್ತಮ ಸ್ಥಿತಿಯಲ್ಲಿದ್ದಾರೆ. ಬರ್ಡ್‌ಸಾಂಗ್, ರೂಪ್, ಹ್ಯಾರಿಸನ್, ಮೇಸನ್ ಬ್ಲ್ಯಾಕ್ ಎಲ್ಲರೂ ಮೇಜರ್ ಲೀಗಿನ ಬಿಸಿ ಕಂಡವರು, ಎಲ್ಲರನ್ನೂ ಸ್ಯಾಕ್ರಮೆಂಟೊದ ಮೈನರ್ ಲೀಗ್ ತಂಡಕ್ಕೆ ಕಳಿಸಿ ಬೇಕಾದಾಗ ಕರೆಸಿಕೊಳ್ಳಲು ಅವಕಾಶವಿದೆ, ಜೊತೆಗೆ ಕಾರ್ಸನ್ ವೈಸನ್‌ಹಂಟ್ ಎಂಬ ಒಳ್ಳೆಯ ಚೇಂಜಪ್ (ಬ್ಯಾಟರ್‌ಗೆ ಮೋಸ ಮಾಡುವ ನಿಧಾನ ಎಸೆತ) ಇರುವ ಎಡಗೈ ಹುಡುಗನೂ ಅಲ್ಲಿಯೇ ಕಾಯುತ್ತಿದ್ದಾನೆ. ಹೀಗೆ ಕೆಳಗೆ ಕಳಿಸಿದ ಪಿಚರ್, ಮೇಲಿನ ಯಾರಾದರೂ ಗಾಯಗೊಂಡ ಹೊರತು, 15 ದಿನಗಳ ಮುಂಚೆ ಹಿಂತಿರುಗುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ಇಂಥವರು ಇಬ್ಬರಿದ್ದರೆ ಸಾಲದು, ನಾಲ್ವರು ಬೇಕು.

ಸ್ಪ್ರಿಂಗ್ ಪಂದ್ಯಗಳ ಇಆರ್‌ಎಯನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ. ಸ್ಕಾಟ್ಸ್‌ಡೇಲ್‌ನ ಒಣ ಹವೆಯಲ್ಲಿ ಕರ್ವ್‌ಬಾಲ್ ಮತ್ತು ಸ್ಲೈಡರ್‌ಗಳು ತಿರುಗಬೇಕಾದಷ್ಟು ತಿರುಗುವುದಿಲ್ಲ, ಹೊಡೆದ ಚೆಂಡು ದೂರ ಹಾರುತ್ತದೆ. ಎದುರಿಗಿರುವ ಬ್ಯಾಟರ್‌ಗಳಲ್ಲಿ ಅರ್ಧ ಜನ ಏಪ್ರಿಲ್‌ನಲ್ಲಿ ಮೈನರ್ ಲೀಗಿನಲ್ಲಿರುತ್ತಾರೆ. ಅಲ್ಲಿ ನೋಡಬೇಕಾದುದು ಎಸೆತದ ವೇಗವನ್ನು ಮತ್ತು ವಾಕ್‌ಗಳ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಸಂಖ್ಯೆಯನ್ನು ಮಾತ್ರ.

ಉತ್ತರ: ಬೆಳಗಿನ ಏಳೂಕಾಲು

ನಾನಿರುವುದು ಬೆಂಗಳೂರಿನಲ್ಲಿ. ಜೈಂಟ್ಸ್ ಮೈದಾನದಲ್ಲಿ ಸಂಜೆ 6.45ಕ್ಕೆ ಆರಂಭವಾಗುವ ಪಂದ್ಯ ಇಲ್ಲಿ ಬೆಳಗ್ಗೆ 7.15ಕ್ಕೆ ಬರುವುದರಿಂದ ಕೆಲಸಕ್ಕೆ ಹೊರಡುವ ಮುನ್ನ ಸ್ಟಾರ್ಟರ್‌ನ ಮೊದಲ ಕೆಲವು ಇನ್ನಿಂಗ್ಸ್ ಮಾತ್ರ ನನಗೆ ದಕ್ಕುತ್ತವೆ. ಹೀಗಾಗಿ ಸ್ಟಾರ್ಟರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿಯೇ ಇದೆ.

ಇನ್ನಿಂಗ್ಸ್ ಲೆಕ್ಕ ಸರಿಯೇ, ಆದರೆ ಅದನ್ನೇ ಹಿಡಿದುಕೊಂಡು ಕೂತರೆ ವರ್ಲ್ಯಾಂಡರ್ ಅವರ 130 ಇನ್ನಿಂಗ್ಸ್‌ಗೂ ಬರ್ಡ್‌ಸಾಂಗ್ ಅವರ 130 ಇನ್ನಿಂಗ್ಸ್‌ಗೂ ವ್ಯತ್ಯಾಸವಿಲ್ಲ ಎಂದಂತಾಗುತ್ತದೆ. ವರ್ಲ್ಯಾಂಡರ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದವರು, 2019ರಲ್ಲಿ 300 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದವರು, ಮೊಣಕೈ ಶಸ್ತ್ರಚಿಕಿತ್ಸೆಯ ನಂತರ 39ನೇ ವಯಸ್ಸಿನಲ್ಲಿ 18 ಗೆದ್ದು ನಾಲ್ಕೇ ಸೋತು 1.75 ಇಆರ್‌ಎಯೊಂದಿಗೆ 2022ರ ಋತುವನ್ನು ಮುಗಿಸಿದವರು. ಇವೆಲ್ಲ ನಿಜ. ಆದರೆ 2024ರಲ್ಲಿ 90 ಇನ್ನಿಂಗ್ಸ್‌ಗಳಲ್ಲಿ ಅವರಿಗೆ ಸಿಕ್ಕ ಸ್ಟ್ರೈಕ್‌ಔಟ್ 74 ಮಾತ್ರ. ಮೊದಲು ಭುಜದ ನೋವು, ಆಮೇಲೆ ಕತ್ತಿನ ನೋವು. ಆಗಸ್ಟ್‌ನಲ್ಲಿ ಮರಳಿದ ಮೇಲೆ ಹೊಡೆತ ತಿಂದದ್ದು ಎಷ್ಟೆಂದರೆ ಹ್ಯೂಸ್ಟನ್ ತಂಡ ಅವರನ್ನು ಪ್ಲೇಆಫ್ ಪಟ್ಟಿಗೇ ಸೇರಿಸಲಿಲ್ಲ. ಇಆರ್‌ಎ ದುರದೃಷ್ಟದಿಂದಲೂ ಏರಬಹುದು. ಸ್ಟ್ರೈಕ್‌ಔಟ್ ಇಳಿಯುವುದಕ್ಕೆ ದುರದೃಷ್ಟ ಕಾರಣವಲ್ಲ, ಬ್ಯಾಟರ್‌ಗಳು ಚೆಂಡನ್ನು ತಪ್ಪಿಸಿಕೊಳ್ಳದೆ ಹೊಡೆಯುತ್ತಿದ್ದಾರೆ ಎಂಬುದೇ ಕಾರಣ. ನಾನು ಪಿಚರ್‌ನನ್ನು ತೂಗುವುದು ಈ ತಕ್ಕಡಿಯಲ್ಲಿ: ಎಷ್ಟು ಸ್ಟ್ರೈಕ್‌ಔಟ್, ಎಷ್ಟು ವಾಕ್, ಎಷ್ಟು ಹೋಮ್ ರನ್. ಈ ಮೂರರಲ್ಲಿ ಮೈದಾನದಲ್ಲಿ ನಿಂತ ಬೇರೆ ಯಾರ ಪಾತ್ರವೂ ಹೆಚ್ಚಿರುವುದಿಲ್ಲ.

ಇದೇ ತಕ್ಕಡಿಯಲ್ಲಿ ತೂಗಿದರೆ ರೇ ಬಗ್ಗೆ ನನಗೆ ಭರವಸೆ ಹೆಚ್ಚು. ಕಳೆದ ವರ್ಷ ಅವರ ಇಆರ್‌ಎ 4.70, ಕೇಳಲು ಹಿತವಾಗಿಲ್ಲ. ಆದರೆ 31ಕ್ಕೂ ಕಡಿಮೆ ಇನ್ನಿಂಗ್ಸ್‌ಗಳಲ್ಲಿ 43 ಸ್ಟ್ರೈಕ್‌ಔಟ್. ಶಸ್ತ್ರಚಿಕಿತ್ಸೆ ಮುಗಿಸಿ ಬಂದವರಿಗೆ ಮೊದಲು ಹಿಂತಿರುಗುವುದು ವೇಗ, ನಿಯಂತ್ರಣ ತಡವಾಗಿ ಬರುತ್ತದೆ. ಅವರ ವಾಕ್‌ಗಳು ಹೆಚ್ಚಿದ್ದುದಕ್ಕೆ ಅದೇ ಕಾರಣವಿರಬೇಕು. ಋತುವಿನ ಕೊನೆಯಲ್ಲಿ ಒಪ್ಪಂದದಿಂದ ಹೊರನಡೆಯುವ ಹಕ್ಕು ಅವರಿಗಿತ್ತು, ಅದನ್ನು ಬಳಸದೆ ಇಲ್ಲೇ ಉಳಿದರು.

ಹಿಕ್ಸ್ ವಿಷಯದಲ್ಲಿ ಮಾತ್ರ ನಾನು ನಿಮಗಿಂತ ಜಿಪುಣ. 2018ರಲ್ಲಿ ಗಂಟೆಗೆ 105 ಮೈಲಿ ವೇಗದಲ್ಲಿ ಎಸೆದ ಈ ರಿಲೀವರ್ (ಸ್ಟಾರ್ಟರ್ ನಂತರ ಬರುವ ಪಿಚರ್), ಸ್ಟಾರ್ಟರ್ ಆದ ಮೇಲೆ ಇಡೀ ಪಂದ್ಯಕ್ಕೆ ಶಕ್ತಿಯನ್ನು ಹಂಚಿಕೊಳ್ಳಲು ವೇಗವನ್ನು ತಾನಾಗಿಯೇ ತಗ್ಗಿಸಿಕೊಂಡರು, ಬೇಸಿಗೆ ಬರುವಷ್ಟರಲ್ಲಿ ಅದು ತಾನಾಗಿಯೇ ಇನ್ನಷ್ಟು ತಗ್ಗಿತು. ಜುಲೈ ಮುಗಿಯುವ ಹೊತ್ತಿಗೆ ಅವರನ್ನು ಬುಲ್‌ಪೆನ್‌ಗೆ, ಎಂದರೆ ರಿಲೀವರ್‌ಗಳ ಬಳಗಕ್ಕೆ, ಕಳಿಸಬೇಕಾಯಿತು. ಒಂದು ವರ್ಷದ ಅನುಭವ ದೇಹವನ್ನು ಪಳಗಿಸಿರುತ್ತದೆ ಎಂಬ ವಾದವನ್ನು ಒಪ್ಪುತ್ತೇನೆ, ಆದರೂ ಜುಲೈವರೆಗೆ ಮಾತ್ರ ನೆಚ್ಚುತ್ತೇನೆ.

ಉತ್ತರ: ಮೂರನೇ ಬೇಸ್

ವರ್ಲ್ಯಾಂಡರ್ ಬಗ್ಗೆ ನೀವು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ, ಆದರೆ ಕಳೆದ ವರ್ಷದ ಅವರ ಅಂಕಿಗಳು ನೋವಿನ ನಡುವೆ ಎಸೆದ ಅಂಕಿಗಳು ಎಂಬುದನ್ನು ಮರೆಯಬಾರದು. ಅವರಿಗೆ ಕೊಟ್ಟಿರುವುದು ಒಂದೇ ವರ್ಷದ, 1.5 ಕೋಟಿ ಡಾಲರಿನ ಒಪ್ಪಂದ. 262 ಗೆಲುವುಗಳಲ್ಲಿ ನಿಂತಿರುವ ಅವರಿಗೆ 300ರ ಆಸೆ ಇನ್ನೂ ಇದೆ. ಅಂಥವರು ನೆಪಕ್ಕೆ ಆಡುವುದಿಲ್ಲ. ಅವರು ಕೈಕೊಟ್ಟರೆ ಬರ್ಡ್‌ಸಾಂಗ್ ಹೇಗೂ ಬರುತ್ತಾರೆ. ಬರ್ಡ್‌ಸಾಂಗ್ ಅವರನ್ನೇ ಮೊದಲು ಇಳಿಸಿ ಅವರು ಎಡವಿದರೆ ಮಾತ್ರ ವರ್ಲ್ಯಾಂಡರ್ ಅವರನ್ನು ಸ್ಯಾಕ್ರಮೆಂಟೊದಿಂದ ಕರೆಸಲು ಬರುವುದಿಲ್ಲ.

ಉತ್ತರ: ಎಡಗಡೆಯ ಮೊದಲ ಸಾಲು

ಇಬ್ಬರೂ ಪಿಚರ್‌ಗಳನ್ನು ಒಂಟಿಯಾಗಿ ನಿಲ್ಲಿಸಿ ನೋಡುತ್ತಿದ್ದೀರಿ. ಈ ತಂಡದ ವಿಷಯದಲ್ಲಿ ಅದು ಸಾಲದು ಎಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿನ ಮುಖ್ಯ ಪಿಚರ್‌ಗೆ ಸ್ಟ್ರೈಕ್‌ಔಟೇ ಪ್ರಧಾನ ಅಸ್ತ್ರವಲ್ಲ. ವೆಬ್ ಅವರ ಸಿಂಕರ್ ಮತ್ತು ಚೇಂಜಪ್ ಎರಡೂ ಕೊನೆಯ ಗಳಿಗೆಯಲ್ಲಿ ಕೆಳಗೆ ಜಾರುತ್ತವೆ. ಬ್ಯಾಟರ್ ಚೆಂಡಿನ ನೆತ್ತಿಯನ್ನು ಸವರಿ ನೆಲಕ್ಕೆ ಹೊಡೆಯುತ್ತಾನೆ. ಅವರ ವಿರುದ್ಧ ಆಟಕ್ಕೆ ಬರುವ ಚೆಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಉರುಳುವಂಥವು. ಹಾಗೆ ಉರುಳಿದ ಚೆಂಡು ಔಟ್ ಆಗುವುದೋ ಹಿಟ್ ಆಗುವುದೋ ಎಂಬುದು ಇನ್‌ಫೀಲ್ಡ್‌ನ ನಾಲ್ವರ ಕೈಯಲ್ಲಿದೆ. ಮೂರನೇ ಬೇಸ್‌ನಲ್ಲಿ ಕಳೆದ ವರ್ಷ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಗೆದ್ದ ಮ್ಯಾಟ್ ಚಾಪ್ಮನ್ ಇದ್ದಾರೆ, ಪಕ್ಕಕ್ಕೆ ಅಡಾಮಿಸ್ ಬಂದಿದ್ದಾರೆ. ಆದ್ದರಿಂದ ಅಡಾಮಿಸ್ ಒಪ್ಪಂದದ ಒಂದಷ್ಟು ಪಾಲನ್ನು ನಾನು ಪಿಚಿಂಗ್ ಖಾತೆಗೇ ಬರೆಯುತ್ತೇನೆ.

ಕ್ಯಾಚರ್ ಪ್ಯಾಟ್ರಿಕ್ ಬೇಲಿ ಇನ್ನೂ ಮುಖ್ಯ. ಸ್ಟ್ರೈಕ್ ಝೋನಿನ (ಎಸೆತ ಸ್ಟ್ರೈಕ್ ಎನಿಸುವ ಚೌಕಟ್ಟಿನ) ಅಂಚಿನಲ್ಲಿ, ಅದರಲ್ಲೂ ಮಂಡಿಯ ಎತ್ತರದಲ್ಲಿ ಬಿದ್ದ ಸಿಂಕರ್ ಅನ್ನು ಅವರು ಹಿಡಿಯುವುದನ್ನು ಗಮನಿಸಿ ನೋಡಿ: ಗ್ಲವ್ ಮೊದಲೇ ನೆಲದ ಹತ್ತಿರ ಇಳಿದಿರುತ್ತದೆ, ಚೆಂಡು ಬಂದಾಗ ಕೆಳಗಿನಿಂದ ಮೇಲಕ್ಕೆ ಎದ್ದು ಬಂದು ಅಲ್ಲೇ ಸ್ಥಿರವಾಗಿ ನಿಲ್ಲುತ್ತದೆ. ಅಂಪೈರ್‌ಗೆ ಕಾಣುವುದು ಆ ಕೊನೆಯ ನಿಲುವು. ಒಂದು ಪಂದ್ಯದಲ್ಲಿ ಇಂಥ ಎರಡು ಮೂರು ಬಾಲ್‌ಗಳು (ಝೋನಿನ ಹೊರಗಿನ ಎಸೆತಗಳು) ಸ್ಟ್ರೈಕ್ ಆದರೂ ಸ್ಟಾರ್ಟರ್ ಇನ್ನೊಂದು ಇನ್ನಿಂಗ್ಸ್ ಮುಂದುವರಿಯುತ್ತಾನೆ. ಈ ಸ್ಪ್ರಿಂಗ್‌ನಲ್ಲಿ ಅಂಪೈರ್ ನಿರ್ಣಯವನ್ನು ಯಂತ್ರದ ಮುಂದೆ ಪ್ರಶ್ನಿಸುವ ಪದ್ಧತಿಯನ್ನು ಪರೀಕ್ಷಿಸುತ್ತಿದ್ದಾರೆ. ಆದರೆ 2025ರ ಋತುವಿನಲ್ಲಿ ಅದು ಜಾರಿಗೆ ಬರುವುದಿಲ್ಲವಾದ್ದರಿಂದ ಬೇಲಿಯವರ ಕಲೆಗೆ ಈ ವರ್ಷವಂತೂ ಬೆಲೆಯಿದೆ. ನನ್ನ ಚಿಂತೆ ಇರುವುದು ಅವರಿಗೆ ಬಿಡುವು ಕೊಡುವವರ ಬಗ್ಗೆ. ಎರಡನೇ ಕ್ಯಾಚರ್ ಟಾಮ್ ಮರ್ಫಿ ಬೆನ್ನುನೋವಿನಿಂದ ಹೊರಗುಳಿದಿದ್ದಾರೆ. ಬೇಲಿ ಬಳಲಿದರೆ ಅದರ ನಷ್ಟ ಪಿಚರ್‌ಗಳ ಇಆರ್‌ಎಯಲ್ಲಿ ಕಾಣಿಸುತ್ತದೆ, ಆಗ ನಾವೆಲ್ಲ ಪಿಚರ್‌ಗಳನ್ನು ಬಯ್ಯುತ್ತಿರುತ್ತೇವೆ.

ಮೈದಾನವನ್ನೂ ಮರೆಯಬೇಡಿ. ಒರಾಕಲ್ ಪಾರ್ಕಿನ ಬಲಗಡೆಯ ಗೋಡೆ 24 ಅಡಿ ಎತ್ತರ, ಬಲ-ಮಧ್ಯದ ಮೂಲೆ ಬಹಳ ಆಳ, ರಾತ್ರಿಯಾದರೆ ಕೊಲ್ಲಿಯ ತಂಪು ಗಾಳಿ. ವರ್ಲ್ಯಾಂಡರ್ ಎಸೆತಕ್ಕೆ ಬ್ಯಾಟರ್‌ಗಳು ಚೆಂಡನ್ನು ಹೆಚ್ಚಾಗಿ ಗಾಳಿಗೆತ್ತುತ್ತಾರೆ. ಹ್ಯೂಸ್ಟನ್‌ನಲ್ಲಿ ಎಡಗಡೆಯ ಪ್ರೇಕ್ಷಕರ ಮಡಿಲಿಗೆ ಬೀಳುತ್ತಿದ್ದ ಕೆಲವು ಚೆಂಡುಗಳು ಇಲ್ಲಿ ಫೀಲ್ಡರ್ ಕೈಗೆ ಬೀಳುತ್ತವೆ. ಅವರು ಈ ತಂಡವನ್ನು ಒಪ್ಪಿಕೊಳ್ಳುವಾಗ ಇದನ್ನು ಯೋಚಿಸಿರಲಿಕ್ಕಿಲ್ಲ ಎಂದು ನಂಬುವುದು ನನಗಂತೂ ಕಷ್ಟ.

ಉತ್ತರ: ಒಂಬತ್ತನೇ ಇನ್ನಿಂಗ್ಸ್

ಇಷ್ಟು ದೀರ್ಘ ಚರ್ಚೆಯಲ್ಲಿ ಬುಲ್‌ಪೆನ್ ಬಗ್ಗೆ ಒಂದು ಮಾತೂ ಬರಲಿಲ್ಲ. ಮೊದಲ ಉತ್ತರದ ಲೆಕ್ಕದ ಪ್ರಕಾರವೇ ಉಳಿದ 600 ಇನ್ನಿಂಗ್ಸ್ ಅವರದ್ದಲ್ಲವೇ? ನನ್ನ ದೃಷ್ಟಿಯಲ್ಲಿ ಈ ತಂಡದ ನಿಜವಾದ ಬಲ ಅಲ್ಲಿದೆ.

ರಯಾನ್ ವಾಕರ್ ಕಳೆದ ವರ್ಷ 80 ಇನ್ನಿಂಗ್ಸ್‌ಗಳಲ್ಲಿ 99 ಸ್ಟ್ರೈಕ್‌ಔಟ್ ಪಡೆದು 1.91 ಇಆರ್‌ಎಯೊಂದಿಗೆ ಮುಗಿಸಿದರು. ಅವರು ಎಸೆಯುವಾಗ ಮುಂದಿನ ಕಾಲನ್ನು ಬ್ಯಾಟರ್ ಕಡೆಗೆ ನೇರವಾಗಿ ಇಡದೆ ಮೂರನೇ ಬೇಸ್ ಕಡೆಗೆ ಅಡ್ಡಲಾಗಿ ಇಡುತ್ತಾರೆ. ಬಲಗೈ ಬ್ಯಾಟರ್‌ಗೆ ಚೆಂಡು ತನ್ನ ಬೆನ್ನ ಹಿಂದಿನಿಂದ ಬಂದಂತೆ ತೋರಿ, ಸ್ಲೈಡರ್ ಆಗಿದ್ದರೆ ಹೊರ ಅಂಚಿನವರೆಗೂ ಹಾದುಹೋಗುತ್ತದೆ. ಅವರಿಗಿಂತ ಮೊದಲು ಎಂಟನೇ ಇನ್ನಿಂಗ್ಸ್‌ನಲ್ಲಿ ಟೈಲರ್ ರೋಜರ್ಸ್ ಬರುತ್ತಾರೆ. ಅವರ ಗೆಣ್ಣು ನೆಲಕ್ಕೆ ತಾಗಿತೇನೋ ಎನ್ನುವಷ್ಟು ಕೆಳಗಿನಿಂದ 83 ಮೈಲಿ ಆಸುಪಾಸಿನ ಎಸೆತ. ಈ ಕಾಲದಲ್ಲಿ ಅಷ್ಟು ನಿಧಾನವಾಗಿ ಎಸೆದು ಹೊಟ್ಟೆ ಹೊರೆಯುವ ಪಿಚರ್ ಬೇರೆ ಸಿಗುವುದು ಕಷ್ಟ, ಆದರೂ ಕಳೆದ ವರ್ಷ 77 ಪಂದ್ಯಗಳಲ್ಲಿ ಬಂದು 2.82 ಇಆರ್‌ಎ ಉಳಿಸಿಕೊಂಡರು. ಅವಳಿ ಸಹೋದರ ಟೇಲರ್ ಅವರನ್ನು ಜನವರಿಯಲ್ಲಿ ಸಿನ್ಸಿನಾಟಿಗೆ ಕೊಟ್ಟಿರುವುದರಿಂದ ಎಡಗೈ ಹೊಣೆ ಈಗ ಎರಿಕ್ ಮಿಲ್ಲರ್ ಮೇಲೆ ಬಿದ್ದಿದೆ.

ಕಮಿಲೊ ಡೊವಾಲ್ ಮಾತ್ರ ಯಾವ ಲೆಕ್ಕಕ್ಕೂ ಸಿಗದ ಮನುಷ್ಯ. 2023ರಲ್ಲಿ 39 ಸೇವ್ (ಕೊನೆಯಲ್ಲಿ ಮುನ್ನಡೆ ಕಾಯ್ದು ಗೆಲ್ಲಿಸಿದ ಪಂದ್ಯಗಳು), ಮರುವರ್ಷ 4.88 ಇಆರ್‌ಎ, ಆಗಸ್ಟ್‌ನಲ್ಲಿ ಸ್ಯಾಕ್ರಮೆಂಟೊದ ದಾರಿ. ಅವರ ಕಟರ್ ಎಂಬ ಎಸೆತದ ವೇಗ ಎಲ್ಲೂ ಹೋಗಿಲ್ಲ, ಅದು ಬೀಳುವ ಜಾಗವೇ ತಪ್ಪಿದ್ದು. ಅವರು ಏಪ್ರಿಲ್‌ನಲ್ಲಿ ವಾಕ್‌ಗಳನ್ನು ಹತೋಟಿಯಲ್ಲಿಟ್ಟರೆ ಏಳನೇ ಇನ್ನಿಂಗ್ಸ್‌ನಿಂದಲೇ ಪಂದ್ಯ ನಮ್ಮದು. ನನ್ನ ಭಯ ಬೇರೆಯದು. ವೆಬ್ ಬಿಟ್ಟು ಉಳಿದ ಸ್ಟಾರ್ಟರ್‌ಗಳು ಐದನೇ ಇನ್ನಿಂಗ್ಸ್‌ಗೇ ದಣಿದರೆ, ಮ್ಯಾನೇಜರ್ ಬಾಬ್ ಮೆಲ್ವಿನ್ ಜೂನ್ ಹೊತ್ತಿಗೇ ವಾಕರ್ ಮತ್ತು ರೋಜರ್ಸ್ ಅವರನ್ನು ತೇಯ್ದುಬಿಡುತ್ತಾರೆ. ಪಟ್ಟಿಯಲ್ಲಿ 13 ಪಿಚರ್‌ಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಐವರು ಸ್ಟಾರ್ಟರ್‌ಗಳನ್ನು ಕಳೆದರೆ ಎಂಟು ಜನ. ಅದರಲ್ಲಿ ಒಬ್ಬಿಬ್ಬರಾದರೂ ಎರಡು ಮೂರು ಇನ್ನಿಂಗ್ಸ್ ಎಳೆಯಬಲ್ಲವರಾಗಿರಲೇಬೇಕು.

ಕಿಂಗ್‌ಸ್ಟ್ರೀಟ್ ಪ್ರಯಾಣಿಕ

ಎಲ್ಲರಿಗೂ ಧನ್ಯವಾದಗಳು. ಕೊನೆಯ ಉತ್ತರವನ್ನು ಓದಿದ ಮೇಲೆ ಒಂದು ಸಂದೇಹ ಬಂತು. ಎರಡು ಮೂರು ಇನ್ನಿಂಗ್ಸ್ ಎಳೆಯಬಲ್ಲ ಆ ಒಬ್ಬರು ಬರ್ಡ್‌ಸಾಂಗ್ ಆಗಬಾರದೇಕೆ? ಐದನೇ ಸ್ಟಾರ್ಟರ್ ಸ್ಥಾನವನ್ನು ರೂಪ್ ಅವರಿಗೆ ಕೊಟ್ಟು, ಬರ್ಡ್‌ಸಾಂಗ್ ಅವರನ್ನು ಸ್ಯಾಕ್ರಮೆಂಟೊಗೆ ಕಳಿಸುವ ಬದಲು ಬುಲ್‌ಪೆನ್‌ನಲ್ಲೇ ಇಟ್ಟುಕೊಂಡರೆ, ವರ್ಲ್ಯಾಂಡರ್ ಅಥವಾ ಹಿಕ್ಸ್ ಕೈಕೊಟ್ಟ ದಿನವೇ ಅವರು ಸಿದ್ಧರಾಗಿರುತ್ತಾರಲ್ಲವೇ?

ಉತ್ತರ: ಬೆಳಗಿನ ಏಳೂಕಾಲು

ಆಗಬಹುದು, ಒಂದು ಷರತ್ತಿನೊಂದಿಗೆ. ಬರ್ಡ್‌ಸಾಂಗ್ ಕಳೆದ ವರ್ಷ 72 ಇನ್ನಿಂಗ್ಸ್‌ಗಳಲ್ಲಿ 88 ಸ್ಟ್ರೈಕ್‌ಔಟ್ ಪಡೆದರು, ಜೊತೆಗೆ 43 ವಾಕ್ ಕೊಟ್ಟರು. ಆ ಎರಡನೇ ಅಂಕಿ ಇಳಿಯಬೇಕಾದರೆ ಅವರು ನಿಯಮಿತವಾಗಿ ಎಸೆಯುತ್ತಿರಬೇಕು. ಬುಲ್‌ಪೆನ್‌ನಲ್ಲಿ ವಾರಗಟ್ಟಲೆ ಸುಮ್ಮನೆ ಕೂರಿಸಿದರೆ ಕೆಡುತ್ತದೆ. ಇನ್ನೊಂದು ತೊಡಕೆಂದರೆ, ಒಂದೆರಡು ಇನ್ನಿಂಗ್ಸ್‌ಗೆ ಒಗ್ಗಿಹೋದ ತೋಳನ್ನು ಮತ್ತೆ ಐದು ಇನ್ನಿಂಗ್ಸ್‌ಗೆ ಎಳೆಯಲು ಎರಡು ಮೂರು ವಾರ ಹಿಡಿಯುತ್ತದೆ, ಹಾಗಾಗಿ 'ಅದೇ ದಿನ ಸಿದ್ಧ' ಎನ್ನುವುದು ಪೂರ್ತಿ ನಿಜವಲ್ಲ. ವರ್ಲ್ಯಾಂಡರ್ ಅಥವಾ ರೇ ಎಸೆಯುವ ದಿನಗಳಲ್ಲಿ ಆರನೇ ಇನ್ನಿಂಗ್ಸ್‌ನಿಂದ ಎರಡು ಇನ್ನಿಂಗ್ಸ್ ಅವರದೇ ಎಂದು ಮೊದಲೇ ನಿಗದಿ ಮಾಡಿ, ವಾರಕ್ಕೆರಡು ಸಲ ಇಳಿಸುವುದಾದರೆ ನಾನು ಒಪ್ಪುತ್ತೇನೆ. ರೂಪ್ ಅವರ ಕರ್ವ್‌ಬಾಲ್ ಸ್ಟಾರ್ಟರ್ ಕೆಲಸಕ್ಕೆ ಸಾಕಷ್ಟು ಒಳ್ಳೆಯದು, ಕಳೆದ ವರ್ಷದ ಅವರ 3.58 ಇಆರ್‌ಎಯಲ್ಲಿ ಹೆಚ್ಚಿನ ಪಾಲು ಬುಲ್‌ಪೆನ್‌ನಿಂದ ಬಂದದ್ದು ಎಂಬುದನ್ನು ಮಾತ್ರ ಗಮನದಲ್ಲಿಡಿ. ಹ್ಯಾರಿಸನ್ ಆಗ ಸ್ಯಾಕ್ರಮೆಂಟೊದಲ್ಲಿ ಐದು ದಿನಕ್ಕೊಮ್ಮೆ ಎಸೆಯುತ್ತಿರಲಿ. ಮೇ ತಿಂಗಳಲ್ಲಿ ಯಾರದ್ದಾದರೂ ಭುಜ ನೋಯುವ ಹೊತ್ತಿಗೆ ಆರು ಇನ್ನಿಂಗ್ಸ್ ಎಸೆಯಲು ತೋಳು ಪಳಗಿಸಿಕೊಂಡಿರುವವರು ಅವರೇ ಆಗಿರುತ್ತಾರೆ.